ಫ್ಯಾಕ್ಟರ್ ಸಿಕ್ಕ ಮೇಲೂ ಉಳಿಯುವ ಕೆಲಸ

ಕುಸುಮ ರೋಗ, ಅಂದರೆ ಹಿಮೋಫಿಲಿಯಾ ಎಂದೊಡನೆ, ಗಾಯವಾದರೆ ರಕ್ತ ನಿಲ್ಲದೆ ಹರಿಯುವ ಕಾಯಿಲೆ ಎಂದು ಎಲ್ಲರೂ ಎಣಿಸುತ್ತಾರೆ. ಆದರೆ ಈ ಕಾಯಿಲೆಯವರನ್ನು ಹೆಚ್ಚು ಕಾಡುವುದು ಹೊರಗೆ ಕಾಣದ ರಕ್ತಸ್ರಾವ. ಮೊಣಕಾಲು, ಮೊಣಕೈ, ಪಾದದ ಗಂಟುಗಳೊಳಗೆ ರಕ್ತ ಮತ್ತೆಮತ್ತೆ ಜಿನುಗಿ, ಕೀಲು ಸವೆದು, ಕೊನೆಗೆ ಮಡಚಲಾಗದಂತಾಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಇಲ್ಲವೇ ಒಂಬತ್ತನೆಯ ಫ್ಯಾಕ್ಟರಿನ ಕೊರತೆಯೇ ಇದಕ್ಕೆ ಕಾರಣ. ಕೊರತೆಯಿರುವ ಫ್ಯಾಕ್ಟರನ್ನು ನರಕ್ಕೆ ಚುಚ್ಚಿ ಕೊಡಬಹುದು, ಆದರೆ ಎಂಟನೆಯ ಫ್ಯಾಕ್ಟರಿನ ಅರ್ಧಭಾಗ ಅರ್ಧ ದಿನದೊಳಗೇ ದೇಹದಿಂದ ಖಾಲಿಯಾಗುತ್ತದೆ. ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ಗಂಟೆ, ಕಾಯಿಲೆಯೊಡನೆ ಬದುಕಬೇಕಾದದ್ದು ಜೀವಮಾನ. ನಡುವಿನ ಆ ಕಾಲವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯಿಂದಲೇ ರೋಗಿಗಳ ಸಂಘಗಳು ಹುಟ್ಟಿವೆ.

1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದ ಕೆನಡಾದ ಫ್ರಾಂಕ್ ಶ್ನಾಬೆಲ್, 1983ರಲ್ಲಿ ಭಾರತದ ಒಕ್ಕೂಟಕ್ಕೆ ಅಡಿಪಾಯ ಹಾಕಿದ ಅಶೋಕ್ ಬಹದ್ದೂರ್ ವರ್ಮಾ, ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ರೋಗಶಾಸ್ತ್ರಜ್ಞ ಡಾ. ಸುರೇಶ ಹನಗವಾಡಿ: ಮೂವರೂ ಇದೇ ಕಾಯಿಲೆಯವರು. ಇದು ಆಕಸ್ಮಿಕವಲ್ಲ. ಕೀಲು ಊದಿಕೊಳ್ಳುವ ಮೊದಲೇ ಒಳಗೆ ಸಣ್ಣಗೆ ಜುಮುಗುಟ್ಟುತ್ತದೆ, ಅದು ಗೊತ್ತಾಗುವುದು ಎಕ್ಸ್‌ರೇಗಲ್ಲ, ಅನುಭವಿಸಿದವರಿಗೆ. ಆ ಹೊತ್ತಿನಲ್ಲಿ ಕೊಟ್ಟ ಫ್ಯಾಕ್ಟರ್ ಬೇಗ ಕೆಲಸ ಮಾಡುತ್ತದೆ. ಮಾರನೆಯ ದಿನಕ್ಕೆ ಕಾದರೆ ಔಷಧಿಯೂ ಹೆಚ್ಚು ಬೇಕು, ಕೀಲಿಗೂ ಪೆಟ್ಟು. ಹಾಗಾಗಿ ಸಂಘಗಳು ಕಲಿಸುವುದೆಲ್ಲ ಮೇಲುನೋಟಕ್ಕೆ ಸಣ್ಣ ವಿಷಯಗಳೇ: ಐಸ್ ಇಟ್ಟು ಕೀಲಿಗೆ ವಿಶ್ರಾಂತಿ ಕೊಡುವುದು, ಆಸ್ಪಿರಿನ್ ನುಂಗದಿರುವುದು, ಸ್ನಾಯುವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳದಿರುವುದು, ನೋವು ತಗ್ಗಿದ ಮೇಲೆ ಫಿಸಿಯೋಥೆರಪಿ ಬಿಡದಿರುವುದು. ತಾಯಂದಿರೊಡನೆ ಆಡಬೇಕಾದ ಮಾತು ಇನ್ನೂ ಕಷ್ಟದ್ದು. ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ ಎಂಬ ಅರ್ಧ ತಿಳಿವಳಿಕೆ ಎಷ್ಟೋ ಮನೆಗಳಲ್ಲಿ ಸೊಸೆಯ ಮೇಲಿನ ಆಪಾದನೆಯಾಗುತ್ತದೆ. ಸುಮಾರು ಮೂರನೇ ಒಂದು ಭಾಗದಷ್ಟು ಪ್ರಕರಣಗಳಲ್ಲಿ ವಂಶದಲ್ಲಿ ಕಾಯಿಲೆಯ ಸುಳಿವೇ ಇರುವುದಿಲ್ಲ ಎಂದು ಅತ್ತೆ-ಮಾವನಿಗೆ ತಾಳ್ಮೆಯಿಂದ ತಿಳಿಹೇಳುವ ಕೆಲಸಕ್ಕೆ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಲಂ ಇಲ್ಲ.

ಫ್ಯಾಕ್ಟರನ್ನು ಮನೆಯಲ್ಲೇ ಚುಚ್ಚಿಕೊಳ್ಳುವುದನ್ನೂ ಸಂಘಗಳು ಕಲಿಸುತ್ತವೆ. ರೋಗಿ ತಾನೇ ಸೂಜಿ ಹಿಡಿಯುವುದು ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ. ತರಬೇತಿಯಿಲ್ಲದಿದ್ದರೆ ಅಪಾಯವೇ. ಅದಕ್ಕಾಗಿಯೇ ತರಬೇತಿ; ಮಧುಮೇಹಿಗಳು ಮನೆಯಲ್ಲೇ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಈಗ ಯಾರೂ ಆಕ್ಷೇಪಿಸುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವಾಗ ಸಂಘ ಯಾಕೆ ಬೇಕು? ದಾಸ್ತಾನು ತರಿಸುವುದು ಪಟ್ಟಿಯಲ್ಲಿರುವ ರೋಗಿಗಳ ಲೆಕ್ಕದ ಮೇಲೆ; ಪಟ್ಟಿಗೆ ಬಾರದವನು ಇಲಾಖೆಯ ಪಾಲಿಗೆ ಇಲ್ಲವೇ ಇಲ್ಲ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಎಂಟನೆಯ ಫ್ಯಾಕ್ಟರಿನ ಕೊರತೆ ಇರುತ್ತದೆ ಎಂಬ ಲೆಕ್ಕ ಹಿಡಿದರೆ, ನಮ್ಮಲ್ಲಿ ಇನ್ನೂ ಗುರುತಿಸದೆ ಉಳಿದವರೇ ಹೆಚ್ಚು. ಅವರನ್ನು ಹುಡುಕಿ ಪಟ್ಟಿಗೆ ಸೇರಿಸಲು ಸಂಘ ಬೇಕು. ಕಾನೂನಿನ ಕತೆಯೂ ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ ಸೇರಿದೆ, ಆದರೆ ಸರ್ಕಾರಿ ಉದ್ಯೋಗದ ಮೀಸಲಾತಿ ಹೇಳುವ 34ನೇ ಕಲಂನಲ್ಲಿ ರಕ್ತದ ಕಾಯಿಲೆಗಳ ಹೆಸರಿಲ್ಲ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದರಲ್ಲಿ ಅರ್ಧ ಹಿಡಿದುಕೊಂಡ ಹಾಗಾಯಿತು. ಇದನ್ನು ಗಮನಿಸಿ ಪತ್ರ ಬರೆಯುವುದು, ಮತ್ತೆ ಬರೆಯುವುದು ಸಂಘದವರ ಪಾಲಿಗೇ ಬರುತ್ತದೆ.

ಹಣದ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ವಿಶ್ವ ಒಕ್ಕೂಟದ ಮೂಲಕ ಬಡ ದೇಶಗಳಿಗೆ ಬರುವ ಫ್ಯಾಕ್ಟರ್ ಬಹುಪಾಲು ಔಷಧ ಕಂಪನಿಗಳ ದಾನ. ಕೊಟ್ಟವರ ಔಷಧಿಯ ಬಗ್ಗೆ ಸಂಘ ನಿಷ್ಠುರವಾಗಿ ಮಾತಾಡೀತೇ? 1980ರ ದಶಕದಲ್ಲಿ ಕಲುಷಿತ ಪ್ಲಾಸ್ಮಾದಿಂದ ಮಾಡಿದ ಫ್ಯಾಕ್ಟರಿನ ಮೂಲಕ ಹಲವು ದೇಶಗಳಲ್ಲಿ ಸಾವಿರಾರು ರೋಗಿಗಳಿಗೆ ಎಚ್‌ಐವಿ ತಗುಲಿದ ಚರಿತ್ರೆ ಇರುವಾಗ ಈ ಅನುಮಾನ ಅಸಹಜವೇನಲ್ಲ. ದಾನದ ಲೆಕ್ಕವನ್ನು ಬಹಿರಂಗವಾಗಿ ಇಡುವುದು, ಖರೀದಿಯ ಹೊಣೆಯನ್ನು ವರ್ಷದಿಂದ ವರ್ಷಕ್ಕೆ ಸರ್ಕಾರದ ಬಜೆಟ್ಟಿಗೆ ದಾಟಿಸುತ್ತ ಹೋಗುವುದು, ಇವೆರಡೇ ನನಗೆ ಕಾಣುವ ದಾರಿ. ಈಗ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಎಂಬ ಔಷಧಿ ಬಂದಿದೆ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಕೊಟ್ಟರೆ ಸಾಕು, ನರ ಹುಡುಕುವ ಗೋಳಿಲ್ಲ. ಎಳೆಯ ಮಕ್ಕಳ ಕೀಲುಗಳನ್ನು ಅದು ಉಳಿಸಬಹುದು. ಫ್ಯಾಕ್ಟರ್ ಕೈಗೆಟುಕದ ಕಾಲದಲ್ಲಿ ಬೆಳೆದು, ಇಂದು ನಲವತ್ತು ಐವತ್ತರಲ್ಲಿ ಬಾಗದ ಮೊಣಕಾಲು ಹೊತ್ತು ಕೆಲಸ ಅರಸುತ್ತಿರುವವರಿಗೆ ಆ ಔಷಧಿ ತಡವಾಗಿ ಬಂತು. ಅವರಿಗೆ ಬೇಕಾದದ್ದು ಫಿಸಿಯೋಥೆರಪಿ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ನೆರವು ಮತ್ತು ಕೂತು ಮಾಡುವ ಕೆಲಸ.