ನಡುವಣ ಸಂಪುಟದ ಓದುಗರು

ಮೂರು ಸಂಪುಟಗಳಲ್ಲಿ ಹರಡಿಕೊಂಡ ಕಾದಂಬರಿಯಲ್ಲಿ ನಡುವಣ ಸಂಪುಟದ ಪಾಡು ಮನೆಯ ನಡುವಣ ಮಗುವಿನ ಪಾಡೇ ಸರಿ. ಚೊಚ್ಚಲಿಗೆ ದೊರೆಯುವ ಸಂಭ್ರಮವೂ ಅದಕ್ಕಿಲ್ಲ, ಕಿರಿಯದಕ್ಕೆ ಸಲ್ಲುವ ಮುದ್ದೂ ಅದಕ್ಕಿಲ್ಲ. ಸೇತುವೆಯೆಂದು ಕರೆದು ಅದನ್ನು ದಾಟಿಹೋಗುವವರೇ ಹೆಚ್ಚು. ಅಮೆರಿಕದ ಲೇಖಕಿ ಸುಜೇನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದ 'ಹಂಗರ್ ಗೇಮ್ಸ್' ತ್ರಿವಳಿಯ ಎರಡನೆಯ ಕಾದಂಬರಿ 'ಕ್ಯಾಚಿಂಗ್ ಫೈರ್' 2009ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಅದಕ್ಕೂ ಈ ಮಾತು ತಪ್ಪಲಿಲ್ಲ. ಮೂರು ಸಂಪುಟಗಳನ್ನೂ ಒಟ್ಟಿಗೆ ಕೈಗೆತ್ತಿಕೊಂಡು ಓದಿದ ತಡವಾದ ಓದುಗ ನಾನು. ಮೂರರಲ್ಲಿ ನಡುವಣದೇ ಮೇಲೆಂಬುದು ನನ್ನ ಅಭಿಪ್ರಾಯ. ಅದು ಏಕೆಂದು ಹೇಳಹೊರಟರೆ ಆ ಪುಸ್ತಕಕ್ಕಿಂತ ಹೆಚ್ಚಾಗಿ ಅದರ ಓದುಗರ ವಿಷಯವನ್ನೇ ಹೇಳಬೇಕಾಗುತ್ತದೆ.

ಕತೆಯನ್ನು ಓದದವರಿಗಾಗಿ ನಾಲ್ಕು ಮಾತು. ಹಾಳಾದ ಉತ್ತರ ಅಮೆರಿಕದ ಮೇಲೆ ಎದ್ದುನಿಂತ ಪನೆಮ್ ಎಂಬ ನಾಡು. ಸಿರಿಯಲ್ಲಿ ಮುಳುಗಿದ ಕ್ಯಾಪಿಟಲ್ ಎಂಬ ಅದರ ರಾಜಧಾನಿ. ಅದಕ್ಕೆ ದುಡಿದುಹಾಕುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆಯೆದ್ದುದಕ್ಕೆ ದಂಡವಾಗಿ ವರ್ಷವರ್ಷವೂ ಪ್ರತಿ ಜಿಲ್ಲೆಯೂ ಚೀಟಿಯೆತ್ತಿ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರುಳಿಯುವ ತನಕ ಪರಸ್ಪರ ಕೊಲ್ಲಬೇಕು. ನಾಡೆಲ್ಲ ಅದನ್ನು ಟೆಲಿವಿಷನ್ನಿನಲ್ಲಿ ನೋಡಬೇಕು. 2008ರ ಮೊದಲ ಸಂಪುಟದ ಕೊನೆಯಲ್ಲಿ ಕ್ಯಾಟ್ನಿಸ್ ಎಂಬ ಹುಡುಗಿಯೂ ಪೀಟಾ ಎಂಬ ಹುಡುಗನೂ ವಿಷದ ಹಣ್ಣನ್ನು ಒಟ್ಟಿಗೆ ತಿಂದುಬಿಡುತ್ತೇವೆಂದು ಹೆದರಿಸಿ ಇಬ್ಬರೂ ಬದುಕಿಕೊಳ್ಳುತ್ತಾರೆ. ಒಂದು ವಾಹಿನಿಯಲ್ಲಿ ಹರೆಯದವರ ಸ್ಪರ್ಧೆಯನ್ನೂ ಮತ್ತೊಂದರಲ್ಲಿ ಇರಾಕ್ ಯುದ್ಧದ ದೃಶ್ಯಗಳನ್ನೂ ಕಾಣುತ್ತ ಕುಳಿತಿದ್ದಾಗ ಎರಡೂ ಒಂದರೊಳಗೊಂದು ಬೆರೆತುಹೋದವೆಂದು ಲೇಖಕಿಯೇ ಹೇಳಿದ್ದಾರೆ. ನೋಡುವವರ ಪ್ರಶ್ನೆ ಹೀಗೆ ಹುಟ್ಟಿನಿಂದಲೇ ಈ ಕತೆಗೆ ಅಂಟಿಕೊಂಡು ಬಂದಿದೆ.

ಎರಡನೆಯ ಸಂಪುಟವನ್ನು ಕುರಿತು ಓದುಗರು ಹೇಳಿದ ಮಾತುಗಳಲ್ಲಿ ಮೊದಲನೆಯದು ದೂರು. ಮತ್ತದೇ ಕಣ, ಮತ್ತದೇ ಕೊಲೆಯ ಆಟ. ಒಮ್ಮೆ ಬಡಿಸಿದ್ದನ್ನೇ ಬಿಸಿಮಾಡಿ ಬಡಿಸಿದ್ದಾರೆ ಎಂದರು ಕೆಲವರು. ಇನ್ನು ಕೆಲವರದು ಇದಕ್ಕೆ ನೇರ ವಿರುದ್ಧವಾದ ದೂರು: ಆಟ ಬೇಗ ಬರಲಿಲ್ಲವೆಂದು! 27 ಅಧ್ಯಾಯಗಳ ಪುಸ್ತಕದಲ್ಲಿ ನಾಯಕಿ ಕಣದೊಳಕ್ಕೆ ಕಾಲಿಡುವ ಹೊತ್ತಿಗೆ 18 ಅಧ್ಯಾಯಗಳು ಕಳೆದಿರುತ್ತವೆ. ಅಲ್ಲಿಯ ತನಕ ಮೆರವಣಿಗೆ, ಭಾಷಣ, ಹಳ್ಳಿಯ ಚಳಿ, ಗುಸುಗುಸು. ಮಕ್ಕಳು ಮಕ್ಕಳನ್ನು ಕೊಲ್ಲುವುದು ಘೋರವೆಂದು ಒಪ್ಪಿಕೊಂಡ ಓದುಗನೇ ಅದು ಇನ್ನೂ ಶುರುವಾಗಲಿಲ್ಲವಲ್ಲ ಎಂದು ಪುಟ ಮಗುಚುತ್ತಾನೆ. ನಾನೂ ಮಗುಚಿದೆ.

ಮೂರನೆಯ ಗುಂಪಿನವರಿಗೆ ಕಣವೂ ಬೇಡ, ದಂಗೆಯೂ ಬೇಡ. ಕ್ಯಾಟ್ನಿಸ್ ಪೀಟಾನ ಕೈಹಿಡಿಯುವಳೋ ಬಾಲ್ಯದ ಗೆಳೆಯ ಗೇಲ್‌ನನ್ನು ವರಿಸುವಳೋ ಎಂಬುದೊಂದೇ ಚಿಂತೆ. ಚುನಾವಣೆಯ ಕಾಲದಂತೆ ಎರಡು ಪಕ್ಷಗಳೇ ಹುಟ್ಟಿಕೊಂಡವು. ಕತೆ ಮುಗಿದದ್ದಾದರೋ ಪೀಟಾ ಸೆರೆಸಿಕ್ಕ, ನಾಯಕಿಯ ಊರೇ ಸುಟ್ಟುಹೋಯಿತು ಎಂಬ ಸುದ್ದಿಯೊಡನೆ. ಮುಂದಿನ ಸಂಪುಟ ಬಂದದ್ದು 2010ರ ಆಗಸ್ಟಿನಲ್ಲಿ. ವಾರಪತ್ರಿಕೆಯ ಧಾರಾವಾಹಿಗಾಗಿ ಏಳು ದಿನ ಕಾಯುವುದೇ ಕಷ್ಟವೆಂದು ಬಲ್ಲ ನಮ್ಮವರು, ಒಂದು ವರ್ಷ ಕಾದ ಆ ಹುಡುಗ ಹುಡುಗಿಯರ ಸಿಟ್ಟನ್ನು ಅರ್ಥಮಾಡಿಕೊಳ್ಳಬಲ್ಲರು.

ಆದರೆ ಈ ಓದುಗರೆಲ್ಲರೂ ಪುಸ್ತಕದ ಒಳಗೇ ಇದ್ದಾರೆ! ನಡುವಣ ಸಂಪುಟದ ನಿಜವಾದ ವಸು ಆಟವಲ್ಲ, ಆಟವನ್ನು ನೋಡಿದವರು ಅದನ್ನು ಹೇಗೆ ಓದಿಕೊಂಡರು ಎಂಬುದು. ಕತೆ ತೊಡಗುತ್ತಲೇ ಅಧ್ಯಕ್ಷ ಸ್ನೋ ಹುಡುಗಿಯ ಮನೆಗೇ ಬಂದು ಕೂಡುತ್ತಾನೆ. ಹಣ್ಣನ್ನು ಕೈಗೆತ್ತಿಕೊಂಡದ್ದು ಪ್ರೇಮದ ಹುಚ್ಚಿನಿಂದ, ಪ್ರತಿಭಟನೆಯಿಂದಲ್ಲ ಎಂದು ಅವಳು ಜಿಲ್ಲೆಗಳನ್ನೆಲ್ಲ ಸುತ್ತಿ ಜನರನ್ನು ನಂಬಿಸಬೇಕಂತೆ, ತನ್ನನ್ನೂ ನಂಬಿಸಬೇಕಂತೆ. ಒಂದು ಕೃತಿಗೆ ಒಂದೇ ಅರ್ಥವಿರತಕ್ಕದ್ದೆಂದು ಹಟಹಿಡಿದ ವಿಮರ್ಶಕನನ್ನು ಇದಕ್ಕಿಂತ ಭಯಂಕರವಾಗಿ ಚಿತ್ರಿಸಿದ್ದನ್ನು ನಾನು ಕಂಡಿಲ್ಲ. ಪ್ರೇಮಕಥೆಯೊಂದೇ ಸಾಕೆನ್ನುವ ಓದುಗರು ತಮಗರಿಯದಂತೆ ಸ್ನೋ ಬಯಸಿದ ಪಾಠವನ್ನೇ ಒಪ್ಪಿಸುತ್ತಾರೆ.

ಕ್ಯಾಪಿಟಲಿನವರ ಓದು ಮತ್ತೊಂದು ಬಗೆ. ಕ್ಯಾಟ್ನಿಸ್ ಕಣದಲ್ಲಿ ಧರಿಸಿದ್ದ ಪದಕದ ಹಕ್ಕಿ, ಮಾಕಿಂಗ್‌ಜೇ, ಅಲ್ಲಿ ಹೊಸ ಷೋಕಿಯಾಗುತ್ತದೆ; ನಡುಪಟ್ಟಿಯಲ್ಲಿ ಅದೇ, ರೇಷ್ಮೆಯ ಅಂಗಿಯಲ್ಲಿ ಅದೇ, ಮೈಮೇಲಿನ ಹಚ್ಚೆಯಲ್ಲಿಯೂ ಅದೇ. ಅದೇ ಔತಣದಲ್ಲಿ ತಿಂದದ್ದನ್ನು ಕಕ್ಕಿ ಮತ್ತೆ ತಿನ್ನಲು ಒಂದು ಪಾನೀಯವನ್ನಿಟ್ಟಿರುತ್ತಾರೆ. 2013ರಲ್ಲಿ ಈ ಕಾದಂಬರಿ ಚಲನಚಿತ್ರವಾದಾಗ ಕವರ್‌ಗರ್ಲ್ ಎಂಬ ಪ್ರಸಾಧನ ಕಂಪನಿ ಕ್ಯಾಪಿಟಲಿನ ಹೆಸರಿನಲ್ಲೇ ಬಣ್ಣಗಳನ್ನು ಮಾರಿತು. ಸಬ್‌ವೇ ತಿಂಡಿ ಅಂಗಡಿಗಳು ಹಸಿವಿನ ಈ ಕತೆಯ ಹೆಸರು ಹೇಳಿ ಸ್ಯಾಂಡ್‌ವಿಚ್ ಮಾರಿದವು. ವಿಡಂಬನಕಾರನಿಗೆ ಮಾಡಲು ಏನೂ ಉಳಿಯಲಿಲ್ಲ.

ಇನ್ನು ಹನ್ನೊಂದನೆಯ ಜಿಲ್ಲೆ. ಹಿಂದಿನ ಆಟದಲ್ಲಿ ಸತ್ತ ರೂ ಎಂಬ ಪುಟ್ಟ ಹುಡುಗಿಯ ಊರು ಅದು. ಅವಳನ್ನು ನೆನೆದು ಕ್ಯಾಟ್ನಿಸ್ ನಾಲ್ಕು ಮಾತಾಡುತ್ತಾಳೆ. ಗುಂಪಿನಿಂದ ಒಬ್ಬ ಮುದುಕ, ರೂ ಹಾಡುತ್ತಿದ್ದ ನಾಲ್ಕು ಸ್ವರಗಳ ಎಳೆಯನ್ನು ಸಿಳ್ಳೆಯಲ್ಲಿ ನುಡಿಸುತ್ತಾನೆ. ನೆರೆದವರೆಲ್ಲ ಎಡಗೈಯ ಮೂರು ಬೆರಳುಗಳನ್ನು ತುಟಿಗೊತ್ತಿ ಅವಳತ್ತ ಚಾಚುತ್ತಾರೆ. ಮರೆತ ಹೂಗಳಿಗಾಗಿ ಅವಳು ಹಿಂದಿರುಗಿ ಬಂದಾಗ ಸಿಪಾಯಿಗಳು ಆ ಮುದುಕನನ್ನು ಮೆಟ್ಟಿಲಿನ ಮೇಲೆ ಮಂಡಿಯೂರಿಸಿ ತಲೆಗೆ ಗುಂಡು ಹೊಡೆಯುತ್ತಾರೆ. ಮೊದಲ ಸಂಪುಟದಲ್ಲಿ ಬೀಳ್ಕೊಡುಗೆಯ ಸನ್ನೆಯಾಗಿದ್ದದ್ದು ಇಲ್ಲಿ ದಂಗೆಯ ಸನ್ನೆಯಾಗುತ್ತದೆ. ಹಾಗೆ ಮಾಡಿದವಳು ನಾಯಕಿಯಲ್ಲ, ಅವಳನ್ನು ಓದಿಕೊಂಡ ಜನ.

ಇದು ಪುಸ್ತಕದ ಮಾತು. 2014ರ ಮೇ 22ರಂದು ಥಾಯ್‌ಲೆಂಡಿನಲ್ಲಿ ಸೈನ್ಯ ಅಧಿಕಾರವನ್ನು ಕಿತ್ತುಕೊಂಡಿತು. ಚಿತ್ರ ಬಂದು ಆರು ತಿಂಗಳಾಗಿತ್ತು. ಕೆಲವೇ ದಿನಗಳಲ್ಲಿ ಬ್ಯಾಂಕಾಕಿನ ಬೀದಿಗಳಲ್ಲಿ ಜನ ಮಾತಿಲ್ಲದೆ ಮೂರು ಬೆರಳುಗಳನ್ನೆತ್ತಿ ನಿಂತರು. ಹಾಗೆ ಎತ್ತಿದವರನ್ನು ಹಿಡಿಯುವುದಾಗಿ ಸೈನ್ಯ ಎಚ್ಚರಿಸಿತು. ನವೆಂಬರಿನಲ್ಲಿ ಖೋನ್ ಕೆನ್ ನಗರದಲ್ಲಿ, ಪ್ರಧಾನಿಯಾಗಿದ್ದ ಜನರಲ್ ಪ್ರಯುತ್ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ಎದುರಿಗೇ ನಿಂತು ಬೆರಳೆತ್ತಿ ಸೆರೆಯಾದರು. 2020ರಲ್ಲಿ ಅಲ್ಲಿನ ಶಾಲಾಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೇ ಹೀಗೆ ಮಾಡಿದರು. 2021ರ ಫೆಬ್ರುವರಿಯಲ್ಲಿ ಸೈನಿಕ ಕ್ರಾಂತಿಯಾದೊಡನೆ ಮ್ಯಾನ್ಮಾರಿನ ವೈದ್ಯರು, ತರುಣರು ಅದೇ ಸನ್ನೆಯನ್ನು ಎತ್ತಿಕೊಂಡರು. ಇವರೆಲ್ಲ ಕಾದಂಬರಿಯನ್ನು ಓದಿದ್ದರೆ, ಚಿತ್ರವನ್ನಷ್ಟೇ ನೋಡಿದ್ದರೆ ಎಂಬ ಪ್ರಶ್ನೆ ನನಗೆ ಮುಖ್ಯವೆನಿಸುವುದಿಲ್ಲ. ಇದೇ ಕಾಲದಲ್ಲಿ ಅಮೆರಿಕದ ಕೆಲವು ತಂದೆತಾಯಿಗಳು ಪುಸ್ತಕವನ್ನು ಶಾಲೆಗಳಿಂದ ತೆಗೆಸಲು ಹೊರಟರು. ಹೆಚ್ಚು ಆಕ್ಷೇಪಣೆಗೊಳಗಾದ ಪುಸ್ತಕಗಳೆಂದು ಅಲ್ಲಿನ ಗ್ರಂಥಾಲಯ ಸಂಘ ಮಾಡಿದ 2011ರ ಪಟ್ಟಿಯಲ್ಲಿ ಈ ತ್ರಿವಳಿಗೆ ಮೂರನೆಯ ಸ್ಥಾನ. ಪುಸ್ತಕಕ್ಕೆ ಅಂಜಿದವರೂ ಅದನ್ನು ಓದಿದವರೇ ಎನ್ನಬೇಕು, ಓದಿದ್ದರೆ.

ದೋಷಗಳಿಲ್ಲವೆಂದಲ್ಲ. ಗೇಲ್‌ನ ಪಾತ್ರಕ್ಕೆ ರಕ್ತಮಾಂಸ ಸಾಲದು. ಗುಟ್ಟಿನ ಒಳಸಂಚನ್ನೆಲ್ಲ ಕೊನೆಯ ಕೆಲವು ಪುಟಗಳಲ್ಲಿ ಒಬ್ಬ ಪಾತ್ರದ ಬಾಯಿಂದ ಗಡಿಬಿಡಿಯಲ್ಲಿ ಹೇಳಿಸಿದ್ದು ನಾಟಕದ ಪರದೆಯನ್ನು ಅವಸರದಿಂದ ಎಳೆದಂತಾಗಿದೆ. ತಮಗೇನೂ ಹೇಳದೆ ಮೋಸಮಾಡಿದರೆಂದು ಓದುಗರು ಸಿಡುಕಿದ್ದಾರೆ. ಕ್ಯಾಟ್ನಿಸ್ ಕೂಡ ಅದಕ್ಕಾಗಿಯೇ ಸಿಡುಕುತ್ತಾಳಾದ್ದರಿಂದ ಇದನ್ನು ನಾನು ದೋಷವೆಂದು ಎಣಿಸಲಾರೆ.

ನನ್ನಂಥ ಮೇಷ್ಟರಿಗೆ ಈ ಪುಸ್ತಕದಲ್ಲಿ ಅತ್ಯಂತ ಪ್ರಿಯರಾದವರು ಬೇರೆ ಇಬ್ಬರು. ಎಂಟನೆಯ ಜಿಲ್ಲೆಯಿಂದ ತಪ್ಪಿಸಿಕೊಂಡು ಬಂದ ಟ್ವಿಲ್ ಎಂಬ ಉಪಾಧ್ಯಾಯಿನಿ, ಬಾನಿ ಎಂಬ ಅವಳ ಶಿಷ್ಯೆ. ಹಿಮ ಮುಚ್ಚಿದ ಕಾಡಿನಲ್ಲಿ ಅವರು ಹಕ್ಕಿಯ ಅಚ್ಚೊತ್ತಿದ ರೊಟ್ಟಿಯ ತುಣುಕನ್ನು ಕ್ಯಾಟ್ನಿಸ್‌ಗೆ ತೋರಿಸುತ್ತಾರೆ; ಅದರ ಅರ್ಥ ಅವಳಿಗೇ ತಿಳಿಯದು. ಹದಿಮೂರನೆಯ ಜಿಲ್ಲೆ ಎಂದೋ ನಾಶವಾಯಿತೆಂದು ಸರ್ಕಾರ ಟೆಲಿವಿಷನ್ನಿನಲ್ಲಿ ತೋರಿಸುವ ಚಿತ್ರವನ್ನು ಇವರು ಮತ್ತೆ ಮತ್ತೆ ನೋಡಿದ್ದಾರೆ; ಪ್ರತಿ ಸಲವೂ ಮೂಲೆಯಲ್ಲಿ ಅದೇ ಹಕ್ಕಿ ಅದೇ ರೀತಿ ಹಾರಿಹೋಗುವುದನ್ನು ಗುರುತಿಸಿದ್ದಾರೆ. ಹಾಗಾದರೆ ಅದು ಹಳೆಯ ಚಿತ್ರ. ಹಾಗಾದರೆ ಅಲ್ಲಿ ಇನ್ನೂ ಜನರಿರಬೇಕು! ಇಷ್ಟೇ ಆಧಾರದ ಮೇಲೆ ಅವರು ನಡೆದು ಹೊರಟಿದ್ದಾರೆ. ಕ್ಯಾಟ್ನಿಸ್ ಇದನ್ನು ಭ್ರಮೆಯೆಂದುಕೊಳ್ಳುತ್ತಾಳೆ. ಅವರ ಓದೇ ಸರಿಯಾದದ್ದೆಂದು ಪುಸ್ತಕ ಮುಗಿಯುವ ಹೊತ್ತಿಗೆ ತಿಳಿಯುತ್ತದೆ. ಆದರೆ ಆ ಗುರುಶಿಷ್ಯೆಯರು ಅಲ್ಲಿಗೆ ಬಂದು ತಲುಪಲೇ ಇಲ್ಲವೆಂದು ಮೂರನೆಯ ಸಂಪುಟ ಕೆಲವೇ ಮಾತಿನಲ್ಲಿ ತಿಳಿಸಿ ಮುಂದೆ ಸಾಗುತ್ತದೆ.