ಮನೆ ಕೊಳ್ಳುವ ಮುನ್ನ ಸಹಿಗಳನ್ನು ಎಣಿಸಿರಿ

ಸ್ವಂತ ಮನೆ ಪ್ರತಿಯೊಂದು ಕುಟುಂಬದ ಹಂಬಲ. ಆದರೆ ಮನೆಯೊಡನೆ ಅದರ ವ್ಯಾಜ್ಯವೂ ಕೊಂಡವರ ಪಾಲಿಗೆ ಬರಬಹುದೆಂಬುದನ್ನು ಅನೇಕರು ಮರೆಯುತ್ತಾರೆ.

ಕ್ರೈಸ್ತ ಕುಟುಂಬದ ಯಜಮಾನರು ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಅವರ ಆಸ್ತಿಯ ಮೂರರಲ್ಲೊಂದು ಭಾಗ ಪತ್ನಿಗೂ ಉಳಿದುದು ಮಕ್ಕಳೆಲ್ಲರಿಗೆ ಸಮನಾಗಿಯೂ ಸಲ್ಲುತ್ತದೆ. ಮದುವೆಯಾಗಿ ಹೋದ ಮಗಳಿಗೂ ಪರದೇಶದಲ್ಲಿರುವ ಮಗನಿಗೂ ಪಾಲುಂಟು. ಅವರಲ್ಲೊಬ್ಬರು ಸಹಿ ಹಾಕದಿದ್ದರೆ ಆ ಪಾಲು ಕೊಂಡವರಿಗೆ ದಕ್ಕದು. ದಾವೆಯ ಬಾಗಿಲು ತೆರೆದೇ ಇರುತ್ತದೆ. ಋಣಭಾರ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳು ಮಾತ್ರ ಕಾಣುತ್ತವೆ, ಇಂಥ ಪಾಲುಗಳಲ್ಲ.

‘ಹಕ್ಕಿನಲ್ಲಿ ದೋಷ ಕಂಡುಬಂದರೆ ನಷ್ಟ ತುಂಬಿಕೊಡುವೆನು’ ಎಂದು ಕ್ರಯಪತ್ರದಲ್ಲಿ ಬರೆಸಿಕೊಳ್ಳುವುದು ವಾಡಿಕೆ. ಅದು ಅಗತ್ಯವೇ ಸರಿ. ಆದರೆ ಮಾರಿದವರು ಹಣವನ್ನೆಲ್ಲ ವ್ಯಯಮಾಡಿ ಬರಿಗೈಯಾಗಿದ್ದರೆ ಆ ವಾಗ್ದಾನದಿಂದ ಏನು ಫಲ? ಬೆಂಕಿ, ನೆರೆಗಳಿಗೆಂದು ಮಾಡಿಸುವ ಮನೆವಿಮೆಯೂ ಹಕ್ಕಿನ ದೋಷಕ್ಕೆ ಪರಿಹಾರ ಕೊಡದು. ಅದಕ್ಕೆ ಹಕ್ಕುವಿಮೆ ಎಂಬುದೇ ಬೇರೆ.

ಆದುದರಿಂದ ಮುಂಗಡ ಕೊಡುವ ಮೊದಲೇ ವಂಶವೃಕ್ಷ ತರಿಸಿ ವಕೀಲರಿಗೆ ತೋರಿಸಿರಿ. ದೂರದಲ್ಲಿರುವ ವಾರಸುದಾರರಿಂದ ಮುಖ್ತ್ಯಾರುನಾಮೆ ಪಡೆಯುವಂತೆ ಮಾರುವವರಿಗೆ ತಿಳಿಸಿರಿ. ಕೆಲವು ವಾರ ತಡವಾದರೂ ಚಿಂತೆಯಿಲ್ಲ. ಒಬ್ಬ ಸೋದರಿಯನ್ನು ಕೇಳದೆ ಮುಗಿಸಿದ ಮಾರಾಟವು ಎರಡು ಮನೆಗಳ ನೆಮ್ಮದಿಯನ್ನು ಕೆಡಿಸಬಲ್ಲದು.