ದೂರದ ಲೆಕ್ಕ, ಹೊತ್ತಿನ ಲೆಕ್ಕ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಅಮೆರಿಕೆಗೆ ಹೋದ ಮಕ್ಕಳು ಊರಿಗೆ ಬರಲು ಸಾಮಾನ್ಯವಾಗಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಶನಿವಾರ ರಾತ್ರಿ ಅಲ್ಲಿಂದ ಹೊರಟವರು ಸೋಮವಾರ ಬೆಳಗಿನ ಜಾವ ಇಲ್ಲಿ ಇಳಿಯುವರೆಂದು ತಿಳಿದಾಗ, ಅಷ್ಟು ಹೊತ್ತು ಆಕಾಶದಲ್ಲೇ ಇರುವರೇ ಎಂದು ಹೆತ್ತವರು ಕಳವಳಪಡುವುದುಂಟು. ಈ ಪ್ರಶ್ನೆಯಲ್ಲಿ ಮೂರು ಲೆಕ್ಕಗಳು ಹೆಣೆದುಕೊಂಡಿವೆ: ದಾರಿಯ ಉದ್ದ, ಹಾರಾಟದ ಅವಧಿ, ಗಡಿಯಾರದ ಹೊತ್ತು. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ದಾರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಮ್ಮ ಅಕ್ಷಾಂಶವನ್ನೇ ಹಿಡಿದು ಪೂರ್ವಕ್ಕೆ ಸಾಗಿ, ಅನಂತರ ಉತ್ತರಕ್ಕೆ ತಿರುಗಿದರೆ ಸುಮಾರು 20,000 ಕಿಲೋಮೀಟರುಗಳಾಗುತ್ತವೆ. ಆದರೆ ಭೂಮಿ ಗುಂಡಾಗಿದೆ. ಶಾಲೆಯ ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ತಾನಾಗಿ ಉತ್ತರಕ್ಕೆ ಸರಿದು ಸೈಬೀರಿಯ, ಅಲಾಸ್ಕಗಳ ಮೇಲೆ ಹಾಯುತ್ತದೆ. ಇದೇ ಅತಿ ಹತ್ತಿರದ ದಾರಿ. ಉದ್ದ ಸುಮಾರು 14,000 ಕಿಲೋಮೀಟರು.

ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿಯೆಂದು ಹೇಳುವಂತಿಲ್ಲ. ಎದುರುಗಾಳಿಯಲ್ಲಿ ಸೈಕಲ್ ತುಳಿದವರೆಲ್ಲರೂ ಇದನ್ನು ಬಲ್ಲರು. ಸುಮಾರು 10 ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹಗಳು ಹರಿಯುತ್ತವೆ. ಗಂಟೆಗೆ 900 ಕಿಲೋಮೀಟರು ವೇಗದ ವಿಮಾನಕ್ಕೆ 100 ಕಿಲೋಮೀಟರಿನ ಎದುರುಗಾಳಿ ತಗಲಿತೆಂದುಕೊಳ್ಳೋಣ. ಆಗ 14,000 ಕಿಲೋಮೀಟರು ಕ್ರಮಿಸಲು ಹದಿನೇಳೂವರೆ ಗಂಟೆ ಬೇಕು. ಅದೇ ವಿಮಾನವು 50 ಕಿಲೋಮೀಟರಿನ ಹಿಂಗಾಳಿಯ ನೆರವಿನಿಂದ 16,000 ಕಿಲೋಮೀಟರು ಸುತ್ತಿ ಬಂದರೂ ಹದಿನೇಳು ಗಂಟೆ ತುಂಬುವ ಮೊದಲೇ ಮುಟ್ಟುತ್ತದೆ! 2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ, ಸುಮಾರು 16,000 ಕಿಲೋಮೀಟರು ಹಾರಿ ಬಂದಿತು. ಇಂಧನದ ಉಳಿತಾಯವೂ ಈ ದಾರಿಯ ಆಯ್ಕೆಗೆ ಒಂದು ಕಾರಣ.

ಇನ್ನು ಗಡಿಯಾರ. ಭೂಮಿಯು ಒಂದು ಅಂಶ ತಿರುಗಲು ನಾಲ್ಕು ನಿಮಿಷ ಹಿಡಿಯುತ್ತದೆ. ಮುಳಬಾಗಿಲಿನ ನೆತ್ತಿಯನ್ನು ದಾಟಿದ ಸೂರ್ಯ ಮಾಲೂರಿನ ನೆತ್ತಿಗೆ ಬರಲು ಸುಮಾರು ಎರಡು ನಿಮಿಷ ಬೇಕು. ಒಂದೇ ಜಿಲ್ಲೆಯಲ್ಲಿ ಇಷ್ಟಾದರೆ ಖಂಡಾಂತರದಲ್ಲಿ ಎಷ್ಟಾಗಬೇಡ! ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆ ಗಂಟೆ.

ಮೇಲೆ ಹೇಳಿದ ವಿಮಾನದ ವೇಳಾಪಟ್ಟಿಯನ್ನೇ ನೋಡೋಣ. ಹೊರಟದ್ದು ಜನವರಿ 9, ಶನಿವಾರ ರಾತ್ರಿ 8-30. ತಲುಪಬೇಕಾದದ್ದು 11, ಸೋಮವಾರ ಬೆಳಗಿನ ಜಾವ 3-45. ಗಡಿಯಾರಗಳು ತೋರುವ ಅಂತರ 31 ಗಂಟೆ 15 ನಿಮಿಷ. ಇದರಿಂದ ಹದಿಮೂರೂವರೆ ಗಂಟೆ ಕಳೆದರೆ ಉಳಿಯುವ 17 ಗಂಟೆ 45 ನಿಮಿಷವೇ ನಿಜವಾದ ಪ್ರಯಾಣದ ಅವಧಿ. ಇಲ್ಲಿಂದ ಅಲ್ಲಿಗೆ ಹೋಗುವಾಗ ಕಳೆಯುವ ಬದಲು ಕೂಡಬೇಕು.

ಇದು ಕೇವಲ ಕುತೂಹಲದ ಲೆಕ್ಕವಲ್ಲ. ಮೊಮ್ಮಕ್ಕಳನ್ನು ನೋಡಲು ಹೊರಡುವ ವೃದ್ಧರಲ್ಲಿ ಇಂತಿಷ್ಟು ಗಂಟೆಗೊಮ್ಮೆ ಔಷಧಿ ಸೇವಿಸುವವರಿರುತ್ತಾರೆ. ಗಡಿಯಾರ ಬದಲಾದರೂ ದೇಹಕ್ಕೆ ಕಳೆದಿರುವುದು ಕಳೆದಷ್ಟೇ ಗಂಟೆಗಳು. ಅಂಥವರು ಹೊರಡುವ ಮೊದಲೇ ಪ್ರಯಾಣದ ನಿಜವಾದ ಗಂಟೆಗಳನ್ನು ಲೆಕ್ಕಹಾಕಿ, ವೈದ್ಯರಿಗೆ ತೋರಿಸಿ, ಸಲಹೆ ಪಡೆಯುವುದು ಲೇಸು.